ಟೀ ಶರ್ಟ್, ಚಿತ್ರಾನ್ನ, ಪೈಪೋಟಿ, ಮುಯ್ಯಿ ಪುಸ್ತಕ: ನಮ್ಮೂರ ಕಲ್ಯಾಣಿಗೆ ಜನ ಬಂದದ್ದು ಯಾವುದಕ್ಕೆ?

ಮೊದಲೇ ಹೇಳಿಬಿಡುತ್ತೇನೆ. ಊರ ಕೆಲಸಕ್ಕೆ ಜನ ಸೇರಿಸಬೇಕು ಅಂದರೆ ನನ್ನ ಓಟು ಮುಯ್ಯಿ ಪುಸ್ತಕಕ್ಕೆ. ಯಾವ ಮನೆಯವರು ಎಷ್ಟು ದುಡಿದರು, ಅವರಿಗೆ ಎಷ್ಟು ದುಡಿಮೆ ವಾಪಸ್ ಬಂತು ಅಂತ ಬರೆದಿಡುವ 70 ರೂಪಾಯಿಯ ಒಂದು ಉದ್ದನೆ ನೋಟ್‌ಬುಕ್ಕು, ಒಂದು ಪೆನ್ನು, ಅಷ್ಟೇ. ಅದು ಹೊಳೆಯುವುದಕ್ಕೆ ಮುಂಚೆ ಟೀ ಶರ್ಟಿಗೆ 7,200 ರೂಪಾಯಿ ಹೋಗಿತ್ತು. ಅದರಲ್ಲಿ 3,000 ಒಬ್ಬ ದಾನಿಯದು, ಮಿಕ್ಕಿದ್ದು ನಾನು ಬಟ್ಟೆ ಹೊಲಿದು ಉಳಿಸಿದ್ದು. ನಿಮ್ಮೂರಲ್ಲೂ ಶ್ರಮದಾನ ಮಾಡಿಸಬೇಕು ಅಂತ ಯಾರಾದರೂ ಯೋಚಿಸುತ್ತಿದ್ದರೆ ನಿಮ್ಮ ದುಡ್ಡಾದರೂ ಉಳಿಯಲಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಮುಳಬಾಗಿಲು ತಾಲ್ಲೂಕಿನ ಒಂದು ಊರು. ದೇವಸ್ಥಾನದ ಹಿಂದೆ ಒಂದು ಕಲ್ಯಾಣಿ ಇದೆ, ನಾಲ್ಕು ಕಡೆಯೂ ಕಲ್ಲಿನ ಮೆಟ್ಟಿಲು. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲ. ಕೆರೆ, ಕುಂಟೆ, ಕಲ್ಯಾಣಿ ನಂಬಿಯೇ ಹಿಂದಿನವರು ಬದುಕಿದ್ದು. ತೂಬು ಎತ್ತಿ ನೀರು ಹಂಚುವ ನೀರುಗಂಟಿಗೆ ಊರಿನವರೇ ಸುಗ್ಗಿಯಲ್ಲಿ ಕಾಳು ಅಳೆದು ಕೊಡುತ್ತಿದ್ದರು. ಬೋರ್‌ವೆಲ್ ಬಂದ ಮೇಲೆ ಕಲ್ಯಾಣಿ ಯಾರಿಗೂ ಬೇಡವಾಯಿತು. ಈಗ ಬೋರು ಸಾವಿರ ಅಡಿ ಇಳಿದರೂ ನೀರಿನ ಖಾತ್ರಿ ಇಲ್ಲ. ಕಲ್ಯಾಣಿಯಲ್ಲಿ ಮಾತ್ರ ಹೂಳು, ಜಾಲಿ ಮುಳ್ಳು, ಹಳೇ ಗಣಪತಿಗಳ ತಂತಿ, ಥರ್ಮಾಕೋಲು.

ಇದನ್ನೆಲ್ಲ ತೆಗೆಯಲು ಹೊರಟೆವು. ಜೆಸಿಬಿ ತರಿಸಬಹುದಿತ್ತಲ್ಲ ಅಂತ ಎಲ್ಲರೂ ಕೇಳುತ್ತಾರೆ. ಜೆಸಿಬಿ ಒಳಗೆ ಇಳಿದರೆ ಮೆಟ್ಟಿಲು ಕದಲುತ್ತದೆ. ಒಂದು ಕಲ್ಲು ಜಾರಿದರೆ ಅದರ ಮೇಲಿನ ಸಾಲೆಲ್ಲ ಸಡಿಲ. ಹಾಗಾಗಿ ಸನಿಕೆ, ಬಾಂಡ್ಲಿ, ಜನರ ಕೈ, ಇವೇ ಬೇಕು. ಸಮಸ್ಯೆ ಇದ್ದದ್ದು ಆ ಕೈಗಳದ್ದೇ.

ವಾಟ್ಸಾಪ್ ಕರೆಯ ಬಗ್ಗೆ ಒಂದೇ ಸಾಲು: ಊರಿನ ಗ್ರೂಪಿನಲ್ಲಿ 186 ಜನ, ಹೆಬ್ಬೆರಳು ಎತ್ತಿದವರು 71, ಭಾನುವಾರ ಬಂದವರು 4.

ಇನ್ನು ಟೀ ಶರ್ಟಿನ ವಿಷಯ. ಇದನ್ನು ಸ್ವಲ್ಪ ಉದ್ದ ಹೇಳಲೇಬೇಕು. ಯಾಕಂದರೆ ಎಲ್ಲಿ ಶ್ರಮದಾನ ಅಂದರೂ ಮೊದಲು ಮಾಡಿಸುವುದು ಇದನ್ನೇ.

40 ಟೀ ಶರ್ಟು, ಹಸಿರು ಬಣ್ಣ, ಎದೆಯ ಮೇಲೆ ಕಲ್ಯಾಣಿಯ ಚಿತ್ರ. ಒಂದಕ್ಕೆ 180 ರೂಪಾಯಿ ಬಿತ್ತು. ಹುಡುಗರು ಉತ್ಸಾಹದಲ್ಲಿದ್ದರು, ನನಗೂ ಖುಷಿ. ಮೊದಲ ಭಾನುವಾರ 43 ಜನ ಬಂದರು. ಅವತ್ತು ಕಲ್ಯಾಣಿ ಸುತ್ತ ಹಸಿರೋ ಹಸಿರು. ಎರಡನೇ ವಾರ 17 ಜನ. ಮೂರನೇ ವಾರ 6. ಟೀ ಶರ್ಟು ಕೈಗೆ ಬಂದಾಗಿತ್ತು, ಫೋಟೋ ತೆಗೆಸಿಕೊಂಡಾಗಿತ್ತು. ಮತ್ತೆ ಬರುವುದಕ್ಕೆ ಕಾರಣ ಏನಿತ್ತು?

ಆದರೆ ನನ್ನನ್ನು ಕಾಡಿದ್ದು ಬಾರದೇ ಹೋದವರಲ್ಲ. ಮೊದಲ ದಿನ ಏಳು ಗಂಟೆ ಹೊತ್ತಿಗೆ ಮೇಲಿನ ಬೀದಿಯ ಒಬ್ಬ ಅಜ್ಜಿ ಬಂದರು. ತಮ್ಮದೇ ಮಂಕರಿ ತಂದಿದ್ದರು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದರು. ಬಂದವರು ಮೆಟ್ಟಿಲು ಇಳಿಯಲಿಲ್ಲ, ಕಟ್ಟೆಯ ಮೇಲೇ ನಿಂತರು. ಬನ್ನಿ ಅಜ್ಜಿ ಅಂದೆ. “ನಂಗೆ ಆ ಬನೀನು ಕೊಟ್ಟಿಲ್ವಲ್ಲಮ್ಮ, ನಾನು ಇಳೀಬಹುದಾ?” ಅಂತ ಕೇಳಿದರು. ನನ್ನ ಬಾಯಿಂದ ಮಾತೇ ಬರಲಿಲ್ಲ. ಅವರು ಹುಟ್ಟಿ ಬೆಳೆದದ್ದು ಈ ಊರಲ್ಲೇ. ಈ ಕಲ್ಯಾಣಿಯಿಂದಲೇ ಬಿಂದಿಗೆ ಹೊತ್ತವರು. ಇಳಿಯುವುದಕ್ಕೆ ನಮ್ಮ ಅಪ್ಪಣೆ ಬೇಕು ಅಂತ ಅವರಿಗೆ ಅನ್ನಿಸುವ ಹಾಗೆ ಮಾಡಿದ್ದೆವು.

ಆಮೇಲೆ ಮನೆ ಮನೆಗೆ ಹೋಗಿ ವಿಚಾರಿಸಿದೆ. ಅಜ್ಜಿ ಒಬ್ಬರೇ ಅಲ್ಲ. ಟೀ ಶರ್ಟ್ ಸಿಗದವರೆಲ್ಲ “ನಮ್ಮನ್ನ ಕರೆದಿಲ್ಲ” ಅಂತಲೇ ತಿಳಿದಿದ್ದರು. ಸೀರೆ ಉಡುವವರು ಅದನ್ನು ಮೇಲೆ ಹಾಕಿಕೊಳ್ಳುವುದು ಹೇಗೆ? ಹೆಂಗಸರ ಪಾಲಿಗೆ ಅಲ್ಲೇ ಬಾಗಿಲು ಹಾಕಿದ ಹಾಗಾಯಿತು. ನಾನು ಟೈಲರು, ದಿನವೂ ಅವರ ಅಳತೆ ತೆಗೆಯುವವಳು. ಇದು ನನಗೆ ಮೊದಲೇ ತಿಳಿಯಬೇಕಿತ್ತು. ಜೊತೆಗೆ ದಾನಿಯ ಹೆಸರನ್ನು ಬೆನ್ನ ಮೇಲೆ ಹಾಕಿಸಿದ್ದೆವು. ಕೆಳಗಿನ ಬೀದಿಯವರು ಅದನ್ನು ನೋಡಿ “ಇದು ಯಾವ ಪಾರ್ಟಿದು?” ಅಂದರು. ಯಾವ ಪಾರ್ಟಿಯೂ ಅಲ್ಲ ಅಂತ ಹೇಳುತ್ತಾ ಹೋದಷ್ಟೂ ಅನುಮಾನ ಜಾಸ್ತಿಯಾಯಿತು. ಒಂದು ಬಟ್ಟೆ ಊರನ್ನು ಎರಡು ಮಾಡಿತು. ಹಾಕಿದವರು ಕೆಲಸದವರು, ಹಾಕದವರು ನೋಡುವವರು. ಹೂಳಿಗಿಂತ ಇದನ್ನು ತೆಗೆಯುವುದು ಕಷ್ಟವಾಯಿತು.

ಸರ್ಟಿಫಿಕೇಟಿನ ಕಥೆ ಬೇರೆ. ಅದು ಕಾಲೇಜು ಮಕ್ಕಳಿಗೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಕಾಲೇಜುಗಳಲ್ಲಿರುವ ಎನ್‌ಎಸ್‌ಎಸ್, ಅಂದರೆ ರಾಷ್ಟ್ರೀಯ ಸೇವಾ ಯೋಜನೆ, ಶುರುವಾದದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವದ ವರ್ಷ. ಅದರಲ್ಲಿ ವರ್ಷಕ್ಕೆ 120 ಗಂಟೆಯ ಹಾಗೆ ಎರಡು ವರ್ಷಕ್ಕೆ 240 ಗಂಟೆ ಸೇವೆ ಮಾಡಬೇಕು. ಏಳು ದಿನದ ಶಿಬಿರವೂ ಇರುತ್ತದೆ. ನಮ್ಮಲ್ಲಿಗೆ ಒಂದು ದಿನ ಬಂದ ಮಕ್ಕಳು ನಾವು ಮೂರು ವಾರದಲ್ಲಿ ಕಡಿಯದ ಜಾಲಿಯನ್ನು ಮಧ್ಯಾಹ್ನದೊಳಗೆ ಕಡಿದರು. ಒಬ್ಬ ಹುಡುಗಿ ಕೈಗೆ ಮುಳ್ಳು ಹೊಕ್ಕರೂ ಕರವಸ್ತ್ರ ಸುತ್ತಿಕೊಂಡು ಕೆಲಸ ಮುಂದುವರಿಸಿದಳು. ಅವರ ಶ್ರದ್ಧೆಯಲ್ಲಿ ನನಗೆ ಒಂದು ಚೂರೂ ತಕರಾರಿಲ್ಲ. ಆದರೆ ಅವರು ಸಂಜೆ ಬಸ್ ಹತ್ತಿ ಹೋಗುತ್ತಾರೆ. ಮುಂದಿನ ಮಳೆಗೆ ಮತ್ತೆ ಮಣ್ಣು ಇಳಿಯುವಾಗ ಇರಬೇಕಾದವರು ಊರಿನವರು. ಭಾರೀ ಕೆಲಸ ಶುರು ಮಾಡುವ ದಿನ ಅವರನ್ನು ಕರೆಯಿರಿ, ತಪ್ಪದೇ ಕರೆಯಿರಿ. ನಡೆಸಿಕೊಂಡು ಹೋಗುವುದಕ್ಕೆ ಅವರನ್ನು ನಂಬಿಕೊಳ್ಳಬೇಡಿ.

ಊಟ ಹಾಕುವುದು ಒಳ್ಳೆಯದೇ. ಚಿತ್ರಾನ್ನ ಮಾಡಿದರೆ ತಿಂದು ಹೊರಡುತ್ತಾರೆ, ಮುದ್ದೆ ಹುರುಳಿಕಾಳು ಸಾರು ಮಾಡಿದರೆ ಕೂತು ಮಾತಾಡುತ್ತಾರೆ. ಆದರೆ ಅಡುಗೆಗೆ ನಿಂತ ಐದು ಹೆಂಗಸರು ಕಲ್ಯಾಣಿಯ ಕಡೆ ಮುಖ ಹಾಕಲೂ ಆಗಲಿಲ್ಲ. ಹಾಗಾಗಿ ನಾನು ಅದನ್ನು ನಿಲ್ಲಿಸಿದೆ. ಈಗ ಮಜ್ಜಿಗೆ ಮಾತ್ರ.

ಪೈಪೋಟಿಯನ್ನು ನಾನು ತುಂಬಾ ಆಸೆಯಿಂದ ಶುರು ಮಾಡಿದೆ. ಕಲ್ಯಾಣಿಗೆ ನಾಲ್ಕು ಬದಿ, ಊರಿಗೆ ನಾಲ್ಕು ಬೀದಿ. ಬೀದಿಗೊಂದು ಬದಿ ಹಂಚಿದೆವು. ಗೆದ್ದ ಬೀದಿಗೆ ಮದುವೆ ಮುಂಜಿಗೆ ಆಗುವಂಥ ಒಂದು ದೊಡ್ಡ ಹಂಡೆ. ಎರಡು ಭಾನುವಾರದಲ್ಲಿ ಆದ ಕೆಲಸ ನೋಡಿ ನನಗೇ ನಂಬಿಕೆ ಬರಲಿಲ್ಲ. ಬೆಳಿಗ್ಗೆ ಐದೂವರೆಗೆಲ್ಲ ಸನಿಕೆ ಸದ್ದು! ವೇಗ ಒಂದೇ ಮುಖ್ಯ ಅನ್ನುವವರಿಗೆ ಇದನ್ನು ಮೀರಿಸಿದ್ದು ಇಲ್ಲ. ಆದರೆ ಮಳೆ ನೀರಿನ ಕಾಲುವೆ ಬಂದು ಸೇರುವುದು ಪೂರ್ವದ ಬದಿಗೆ, ಅಲ್ಲಿ ಹೂಳು ದುಪ್ಪಟ್ಟು. ಆ ಬೀದಿಯಲ್ಲಿ ಇರುವುದೇ 11 ಮನೆ. ಪಕ್ಕದ ಬೀದಿಯಲ್ಲಿ 40. ಮೂರನೇ ವಾರ ಯಾರೋ ತಮ್ಮ ಬದಿಯ ಮಣ್ಣನ್ನು ಪೂರ್ವದ ಬದಿಗೆ ತಳ್ಳಿದರು. ಜಗಳವಾಯಿತು. ಹಂಡೆ ಒಂದು ಬೀದಿಗೆ ಹೋಯಿತು, ಉಳಿದ ಮೂರು ಬೀದಿಯವರು ಮನೆಗೆ ಹೋದರು.

ಮುಯ್ಯಿ ಪುಸ್ತಕ ನನಗೆ ಹೊಳೆದದ್ದು ಒಂದು ಮದುವೆ ಮನೆಯಲ್ಲಿ. ನಮ್ಮ ಕಡೆ ಮದುವೆಗಳಲ್ಲಿ ಒಬ್ಬರು ಮೇಜು ಹಾಕಿಕೊಂಡು ಮುಯ್ಯಿ ಬರೆಯುತ್ತಾರಲ್ಲ, ಯಾರು ಎಷ್ಟು ಹಾಕಿದರು ಅಂತ. ಆ ಮನೆಯವರು ಹಳೇ ಪುಸ್ತಕವನ್ನೂ ತೆಗೆದು ಇಟ್ಟುಕೊಂಡಿದ್ದರು. 1994ರದು. ಅದರಲ್ಲಿ ಒಂದು ಹೆಸರಿನ ಮುಂದೆ 11 ರೂಪಾಯಿ. ಬರೆಸಿದವರು ಈಗ ಇಲ್ಲ. ಆದರೂ ಮನೆಯ ಯಜಮಾನರು ಆ ಸಾಲಿನ ಮೇಲೆ ಬೆರಳಿಟ್ಟು, “ಅವರ ಮಗಳ ಮನೆ ಗೃಹಪ್ರವೇಶ ಬರುವ ತಿಂಗಳು, ನಾವು ಹೋಗಲೇಬೇಕು” ಅಂದರು. ಮೂವತ್ತು ವರ್ಷದ ಹಿಂದಿನ 11 ರೂಪಾಯಿಗೆ ಇಷ್ಟು ಬಲ ಇದೆ ಅಂದರೆ, ಬಾಂಡ್ಲಿ ಹೊತ್ತ ಒಂದು ಬೆಳಿಗ್ಗೆಗೆ ಎಷ್ಟಿರಬೇಕು ಅಂತ ಅನ್ನಿಸಿತು. ಹೊಲದಲ್ಲಿ ಮುಯ್ಯಾಳು ಪದ್ಧತಿ ಇದ್ದೇ ಇತ್ತು. ಇವತ್ತು ನಿಮ್ಮ ರಾಗಿ ಕಳೆಗೆ ನಾನು, ನಾಳೆ ನನ್ನ ಕಳೆಗೆ ನೀವು. ಕೂಲಿ ಬಂದ ಮೇಲೆ ಅದು ಕಮ್ಮಿಯಾಗಿದೆ, ಆದರೆ ಯಾರಿಗೂ ಮರೆತಿಲ್ಲ.

ಪುಸ್ತಕ ಹೀಗಿದೆ. ಮನೆಗೊಂದು ಪುಟ. ಎಡಗಡೆ “ಕೊಟ್ಟದ್ದು”, ಬಲಗಡೆ “ಬಂದದ್ದು”. ಆರೂವರೆಯಿಂದ ಒಂಬತ್ತರವರೆಗೆ ಕೆಲಸ ಮಾಡಿದರೆ ಒಂದು ಮುಯ್ಯಿ. ಬರೆಯುವುದು ಮನೆಯ ಹೆಸರಿಗೆ, ಆಳಿನ ಹೆಸರಿಗಲ್ಲ. ಒಂದು ವಾರ ಅಪ್ಪ ಬರಬಹುದು, ಇನ್ನೊಂದು ವಾರ ಸೊಸೆ. ನರಸಾಪುರ, ವೇಮಗಲ್ ಕಡೆ ಫ್ಯಾಕ್ಟರಿಗೆ ಶಿಫ್ಟ್ ಹೋಗುವ ಹುಡುಗಿಯರು ಬುಧವಾರ ಸಂಜೆ ಬಂದರೂ ಲೆಕ್ಕಕ್ಕೆ ಬರುತ್ತದೆ. ಮಂಡಿ ನೋವಿನವರು ಕಟ್ಟೆಯ ಮೇಲೆ ಕೂತು ಪುಸ್ತಕ ಬರೆಯುತ್ತಾರೆ, ಅದೂ ಮುಯ್ಯಿಯೇ. ಮಕ್ಕಳನ್ನು ಮೇಲಿನ ಐದು ಮೆಟ್ಟಿಲಿಗಿಂತ ಕೆಳಗೆ ಬಿಡುವುದಿಲ್ಲ. ಮುಳ್ಳಿನ ಪೊದೆಗೆ ಕೈ ಹಾಕುವ ಮುಂಚೆ ಕೋಲಿನಲ್ಲಿ ಬಡಿಯುತ್ತೇವೆ, ಹಾವು ಇರುತ್ತದೆ.

ಪುಟ ಇರುವ ಯಾವುದಾದರೂ ಮನೆಯವರಿಗೆ ಒಂದು ಕೆಲಸ ಬಿತ್ತು ಅನ್ನಿ, ಪುಸ್ತಕ ತೆಗೆಯುತ್ತೇವೆ. ಏಪ್ರಿಲ್‌ನಲ್ಲಿ ಒಂದು ಸಂಜೆ ಗಾಳಿಗೆ ಒಬ್ಬರ ದನದ ಕೊಟ್ಟಿಗೆಯ ಶೀಟು ಹಾರಿಹೋಯಿತು. ಅವರ ಪುಟದಲ್ಲಿ ಎಡಗಡೆ ಏಳು ಮುಯ್ಯಿ ಇತ್ತು. ಕತ್ತಲಾಗುವ ಮುಂಚೆ ಆರು ಜನ ಏಣಿ, ಹಗ್ಗ ತಗೊಂಡು ಹೋದರು. ಅವತ್ತು ರಾತ್ರಿ ಮಳೆ ಬಂದರೂ ಹಸು ನೆನೆಯಲಿಲ್ಲ. ಮರುದಿನ ಬೆಳಿಗ್ಗೆ ಡೈರಿಯಲ್ಲಿ ಹಾಲು ಹಾಕಲು ನಿಂತ ಸಾಲಿನಲ್ಲಿ ಇದೇ ಮಾತು. ಆ ಒಂದೇ ವಾರ ಐದು ಹೊಸ ಪುಟ ತೆರೆದವು. ನಾನು ಯಾರನ್ನೂ ಕರೆದಿರಲಿಲ್ಲ.

ಇದಕ್ಕೆ ಕೊರತೆ ಇಲ್ಲವೇ? ಇದೆ. “ವಾಪಸ್ ಬರುತ್ತೆ ಅಂತ ಮಾಡಿದರೆ ಅದು ಸೇವೆ ಹೇಗಾಗುತ್ತೆ?” ಅಂತ ಊರಿನ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ನನಗೆ ಅನ್ನಿಸುವುದು ಇಷ್ಟು: ಮುಯ್ಯಿ ಅಂದರೆ ಕೂಲಿ ಅಲ್ಲ. ಕೂಲಿ ಕೊಟ್ಟರೆ ಲೆಕ್ಕ ಮುಗಿಯುತ್ತದೆ, ಮುಯ್ಯಿಯಲ್ಲಿ ಲೆಕ್ಕ ಮುಗಿಯುವುದೇ ಇಲ್ಲ. ಅದಕ್ಕೇ ದುಡ್ಡಿಗೆ ಬದಲಾಯಿಸಬಾರದು ಅಂತ ನಿಯಮ ಮಾಡಿದ್ದೇವೆ. ಒಬ್ಬರು 500 ರೂಪಾಯಿ ಕೊಟ್ಟು ಆಳು ಕಳಿಸುತ್ತೇನೆ ಅಂದಾಗ ಬೇಡ, ನೀವೇ ಅರ್ಧ ಗಂಟೆ ಬನ್ನಿ ಅಂದೆವು. ಬಂದರು.

ಇನ್ನೊಂದು ವಿಷಯ ಮುಚ್ಚಿಡಬಾರದು. ಹಿಂದೆ ಮುಯ್ಯಿ ನಡೆಯುತ್ತಿದ್ದದ್ದು ನೆಂಟರ ನಡುವೆ, ಒಂದೇ ಜಾತಿಯವರ ನಡುವೆ. ಕೆಲವು ಬೀದಿಯವರನ್ನು ಈ ಕಲ್ಯಾಣಿಗೇ ಇಳಿಸುತ್ತಿರಲಿಲ್ಲ ಅಂತ ವಯಸ್ಸಾದವರು ಹೇಳುತ್ತಾರೆ. ಅದಕ್ಕಾಗಿ ಪುಟಗಳನ್ನು ಬೀದಿವಾರು ಮಾಡಲಿಲ್ಲ, ಬಂದ ಕ್ರಮದಲ್ಲಿ ನಂಬರು ಹಾಕಿದೆ. ಮುಯ್ಯಿ ತೀರಿಸುವಾಗಲೂ ಮುಂದಿನ ನಂಬರಿನವರೇ ಹೋಗಬೇಕು, ಯಾರ ಮನೆ ಅಂತ ಆರಿಸುವ ಹಾಗಿಲ್ಲ. ಮೊದಲ ತಿಂಗಳು ಎರಡು ಮನೆಯವರು ಇದೇ ಕಾರಣಕ್ಕೆ ಹಿಂದೆ ಸರಿದರು. ಒಂದು ಮನೆಯವರು ಆಮೇಲೆ ಬಂದರು, ಇನ್ನೊಂದು ಮನೆಯವರು ಇನ್ನೂ ಬಂದಿಲ್ಲ. ಅವರಿಗಾಗಿ ನಿಯಮ ಸಡಿಲಿಸುವುದಿಲ್ಲ.

ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲೋ, ಪಕ್ಕದ ಮನೆಯವರ ಹೆಸರೇ ಗೊತ್ತಿಲ್ಲದ ಹೊಸ ಲೇಔಟಿನಲ್ಲೋ ಇರುವವರಿಗೆ ಈ ಪುಸ್ತಕ ಅಷ್ಟು ಬೇಗ ಹಿಡಿಸಲಿಕ್ಕಿಲ್ಲ. ಅಲ್ಲಿ ಮೊದಲು ಊಟದಿಂದ ಶುರು ಮಾಡಿ ಅಂತಲೇ ಹೇಳುತ್ತೇನೆ. ಒಂದೇ ದಿನದಲ್ಲಿ ಮುಗಿಯುವ ಕೆಲಸವಾದರೆ ಕಾಲೇಜು ಮಕ್ಕಳು ಸಾಕು. ನನಗೆ ವಾರಕ್ಕೆ ಒಂದು ಬೆಳಿಗ್ಗೆ ಮಾತ್ರ ಬಿಡುವು. ಶುಕ್ರವಾರ, ಶನಿವಾರ ಅಂಗಡಿಯಲ್ಲಿ ಬ್ಲೌಸುಗಳ ರಾಶಿ ಇರುತ್ತದೆ. ಊರೆಲ್ಲ ಸುತ್ತಿ ಕರೆಯಲು ನನಗೆ ಆಗುವುದಿಲ್ಲ, ಪದೇ ಪದೇ ದುಡ್ಡು ಹಾಕಲೂ ಆಗುವುದಿಲ್ಲ. ಸಂಕ್ರಾಂತಿ ಕಳೆದ ಭಾನುವಾರ ಪುಸ್ತಕದಲ್ಲಿ 9 ಮನೆ ಇದ್ದವು. ಯುಗಾದಿ ಹೊತ್ತಿಗೆ 31. ಈಗ 44.

ಪೂರ್ವದ ಬದಿಯಲ್ಲಿ ಇನ್ನೂ ಮೂರು ಮೆಟ್ಟಿಲು ಹೂಳಿನಲ್ಲಿವೆ. ಈ ಭಾನುವಾರ ಅಲ್ಲೇ ಕೆಲಸ. ಮಂಕರಿ ತಂದಿದ್ದ ಆ ಅಜ್ಜಿಯ ಮನೆ ನಂಬರು 7. ಅವರ ಎಡಗಡೆ ಸಾಲು ಪುಟದ ಕೊನೆ ಮುಟ್ಟಿದೆ. ಬಲಗಡೆ ಖಾಲಿ ಬಿದ್ದಿದೆ. ಏನು ಬೇಕು ಹೇಳಿ ಅಜ್ಜಿ ಅಂದರೆ, “ಶ್ರಾವಣದಲ್ಲಿ ಮೊಮ್ಮಗಳ ಮದುವೆ ಐತೆ, ಆಗ ನೋಡೋಣ ಬಿಡಮ್ಮ” ಅನ್ನುತ್ತಾರೆ. ಆ ಮದುವೆಗೆ ಬ್ಲೌಸುಗಳೆಲ್ಲ ನನ್ನದೇ ಮುಯ್ಯಿ ಅಂತ ನಾನು ಈಗಲೇ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.