ಜೇನು ಅಪ್ಪಟ, ಚೀಟಿಯದು ಅರ್ಧ ಸತ್ಯ

ಹುಣಸೂರಿನಿಂದ ನಾಗರಹೊಳೆಯತ್ತ ಹೋಗುವ ದಾರಿಯ ಒಂದು ಅಂಗಡಿಯಲ್ಲಿ ಕಳೆದ ತಿಂಗಳು ಅರ್ಧ ಕಿಲೋ ಕಾಡುಜೇನು ಕೊಂಡೆ. ಬೆಲೆ 380 ರೂಪಾಯಿ. ಬಣ್ಣ ಹಳೆಯ ಬೆಲ್ಲದಂತೆ ಕಪ್ಪಗಿದೆ, ಪೇಟೆಯ ಜೇನಿಗಿಂತ ತೆಳುವಾಗಿದೆ, ಸಿಹಿಯ ಹಿಂದೆಯೇ ನೇರಳೆಯ ಸಣ್ಣ ಒಗರು ನಾಲಿಗೆಗೆ ತಾಗುತ್ತದೆ. ಮೇಲೆ ತೇಲುವ ಮೇಣದ ಚೂರು ಕಂಡು ಕೆಲವರು ಮೂಗು ಮುರಿಯಬಹುದು. ನನಗಂತೂ ಅದರಿಂದಲೇ ನಂಬಿಕೆ ಹುಟ್ಟಿತು.

ತಕರಾರು ಇರುವುದು ಬಾಟಲಿಗೆ ಅಂಟಿಸಿದ ಚೀಟಿಯ ಬಗ್ಗೆ. ಈ ಭಾಗದ ಕಾಡಿನ ಬುಡಕಟ್ಟಿನವರಾದ ಜೇನು ಕುರುಬರೆಂದರೆ ಹಿಂದೆ ಕುರಿ ಕಾಯುತ್ತಿದ್ದು, ಆಮೇಲೆ ಕಾಡು ಸೇರಿ ಜೇನು ಕೀಳತೊಡಗಿದವರು ಎಂದು ಅದರಲ್ಲಿ ಅಚ್ಚಾಗಿದೆ. ಹೆಸರಿನ ಮೊದಲ ಪದದಲ್ಲಿ ಗೊಂದಲವಿಲ್ಲ. ರಾತ್ರಿ ಹೊತ್ತು ಎತ್ತರದ ಮರವೇರಿ, ಹೊಗೆ ಹಾಕಿ, ಹಾಡು ಹೇಳುತ್ತ ಹೆಜ್ಜೇನು ಇಳಿಸುವ ಕಸುಬೇ ಅದನ್ನು ಕೊಟ್ಟಿದೆ. ಗಡಿಯಾಚೆ ವಯನಾಡು, ನೀಲಗಿರಿಗಳಲ್ಲಿರುವ ಇವರ ಬಳಗದವರನ್ನು ತೇನ್ ಕುರುಂಬರೆಂದೂ, ಕಾಡಿನ ಒಡೆಯರೆಂಬ ಅರ್ಥದಲ್ಲಿ ಕಾಟ್ಟುನಾಯಕರೆಂದೂ ಕರೆಯುವುದುಂಟು.

ತೊಡಕಿರುವುದು ‘ಕುರುಬ’ ಎಂಬಲ್ಲಿ. ಬಯಲುಸೀಮೆಯ ಕುರುಬರ ಹೆಸರನ್ನು ಕುರಿಯಿಂದ ಬಿಡಿಸುವುದು ವಾಡಿಕೆ. ಆದರೆ ಜೇನು ಕುರುಬರು ಪರಂಪರೆಯಿಂದ ಬದುಕಿದ್ದು ಬೇಟೆ, ಗೆಡ್ಡೆಗೆಣಸು ಮತ್ತು ಜೇನನ್ನು ನಂಬಿ. ಆನೆ ಬಿಡಾರಗಳಲ್ಲಿ ಮಾವುತರೂ ಕಾವಾಡಿಗಳೂ ಆದವರು ಅವರಲ್ಲಿ ಎಷ್ಟೋ ಮಂದಿ, ಕುರಿಹಿಂಡಿನ ನೆನಪು ಮಾತ್ರ ಇಲ್ಲ. ಹೀಗಾಗಿ ಗುಡ್ಡ ಎಂಬ ಅರ್ಥದ ಹಳೆಯ ದ್ರಾವಿಡ ಮೂಲದಿಂದ, ಅಂದರೆ ತಮಿಳರು ಮಲೆಸೀಮೆಯನ್ನು ‘ಕುರಿಂಜಿ’ ಎನ್ನುತ್ತಾರಲ್ಲ, ಆ ಪದದ ಬಳಗದಿಂದ ಈ ಹೆಸರು ಬಂದಿರಬೇಕೆಂಬ ವಾದವೂ ಇದೆ. ಈ ವಾದ ಇನ್ನೂ ಇತ್ಯರ್ಥವಾಗಿಲ್ಲವಾದರೂ ನನ್ನ ಒಲವು ಆ ಕಡೆಗೇ. (ಹಾಗಾದರೆ ಪಕ್ಕದ ಬೆಟ್ಟ ಕುರುಬರ ಹೆಸರು ಗೇಟುಬಾಗಿಲು ಎಂದಂತೆ ಒಂದೇ ಮಾತನ್ನು ಎರಡು ಸಲ ಹೇಳಿದಂತಾಗುತ್ತದೆ, ಕನ್ನಡಕ್ಕೆ ಅದೇನೂ ಹೊಸತಲ್ಲ.)

ಒಂದು ಚೀಟಿಗೆ ಇಷ್ಟೇಕೆ ಎನ್ನಬಹುದು. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ಸುಮಾರು 36,000 ಸಂಖ್ಯೆಯ, ತಮ್ಮದೇ ಜೇನುನುಡಿಯಾಡುವ ಈ ಜನಕ್ಕೆ ಪರಿಶಿಷ್ಟ ಪಂಗಡಗಳ ಪಟ್ಟಿಯಲ್ಲಿ ಬೇರೆಯೇ ನಮೂದಿದೆ. ಅವರ ಹೆಸರು ಹೇಳಿ ಮಾರುವವರು ಅವರನ್ನು ದಾರಿ ತಪ್ಪಿದ ಕುರಿಗಾಹಿಗಳನ್ನಾಗಿ ಮಾಡಬಾರದಿತ್ತು. ಕೇಳಿದ್ದಕ್ಕೆ ಅಂಗಡಿಯವರು, “ಅದು ಪ್ರೆಸ್ಸಿನವರು ಹಾಕಿದ್ದು ಸಾರ್” ಎಂದರು.

ಜೇನಿಗೆ ಐದರಲ್ಲಿ ನಾಲ್ಕು ಅಂಕ, ಚೀಟಿಗೆ ಒಂದು. ಮುಚ್ಚಳ ಸಡಿಲವಾಗಿರುವುದರಿಂದ ಬಸ್ಸಿನಲ್ಲಿ ತರುವವರು ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿಕೊಂಡೇ ತರಬೇಕು.