ಭೋಗ್ಯದ ಹಣವನ್ನು ಮಧ್ಯವರ್ತಿಯ ಕೈಗೆ ಕೊಡಬೇಡಿ

ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಕಡೆ ಭೋಗ್ಯಕ್ಕೆ ಮನೆ ಹುಡುಕುತ್ತಿರುವವರು ದಯವಿಟ್ಟು ಇದನ್ನು ಓದಿ. ಮಾಲೀಕರ ಬದಲು ಮನೆ ನಿರ್ವಹಣೆಯ ಕಂಪನಿಯೊಂದು ಹಣ ಕೇಳಿದರೆ, ಮನೆ ಎಷ್ಟೇ ಚೆನ್ನಾಗಿರಲಿ, ಎದ್ದು ಬನ್ನಿ. ನಮ್ಮ 15 ಲಕ್ಷ ರೂಪಾಯಿ ಹೋದದ್ದು ಹೀಗೆಯೇ.

ನಮಗೆ ವಿಜಯನಗರವೇ ಬೇಕಿತ್ತು. ಅಲ್ಲಿಂದ ಮೆಟ್ರೊದಲ್ಲಿ ನಾಲ್ಕನೆಯ ನಿಲ್ದಾಣವೇ ಮೆಜೆಸ್ಟಿಕ್, ಅಪ್ಪನಿಗೆ ಆಸ್ಪತ್ರೆಯೂ ಹತ್ತಿರ. ಆದರೆ ಎರಡು ಕೋಣೆಯ ಮನೆಯ ಬಾಡಿಗೆ ಒಬ್ಬರ ಸಂಬಳಕ್ಕೆ ನಿಲುಕುವಂಥದ್ದಲ್ಲ. ಭೋಗ್ಯವಾದರೆ ಇಡಿಗಂಟು ಕೊಟ್ಟು ಬಾಡಿಗೆಯ ಗೋಜಿಲ್ಲದೆ ಇರಬಹುದು, ಬಿಡುವಾಗ ಹಣ ವಾಪಸ್ ಬರುತ್ತದೆ. ಬೆಂಗಳೂರಿನಲ್ಲಿ ಎಷ್ಟೋ ಸಂಸಾರಗಳು ಹೀಗೆ ನೆಮ್ಮದಿಯಾಗಿ ಇವೆ. ಅಪ್ಪನ ನಿವೃತ್ತಿಯ ಹಣಕ್ಕೆ ಅಮ್ಮನ ಒಡವೆ ಅಡವಿಟ್ಟು ತಂದದ್ದನ್ನು ಸೇರಿಸಿದೆವು.

ಕಾಗದಪತ್ರವನ್ನೆಲ್ಲ ನೋಡಿಯೇ ಮುಂದುವರಿದಿದ್ದೆವು. ತೆರಿಗೆ ರಸೀದಿ, ವಿದ್ಯುತ್ ಬಿಲ್, ಇಸಿ (ಋಣಭಾರ ಪ್ರಮಾಣಪತ್ರ) ಎಲ್ಲವೂ ಅಸಲಿ, ಎಲ್ಲವೂ ಮಾಲೀಕರ ಹೆಸರಿನಲ್ಲಿಯೇ ಇದ್ದವು. ಮಾಲೀಕರು ವಿದೇಶದಲ್ಲಿದ್ದಾರೆ ಎಂದು ಹೇಳಿ ಕಂಪನಿಯವರು ಅವರ ಜಿಪಿಎ, ಅಂದರೆ ಅವರ ಪರವಾಗಿ ವ್ಯವಹರಿಸಲು ಕೊಟ್ಟ ಅಧಿಕಾರ ಪತ್ರ, ತೋರಿಸಿದರು. ಫೋನಿನಲ್ಲಿ ‘ಮಾಲೀಕರು’ ಮಾತನಾಡಿದ್ದೂ ಆಯಿತು.

ಒಂದು ಭಾನುವಾರ ನಿಜವಾದ ಮಾಲೀಕರು ಬಾಗಿಲು ತಟ್ಟಿದರು. ಹಾಸನದಿಂದ ಬಂದಿದ್ದ ನಿವೃತ್ತ ಮೇಷ್ಟ್ರು. “ಐದು ತಿಂಗಳಿಂದ ಬಾಡಿಗೆ ಬಂದಿಲ್ಲವಲ್ಲಪ್ಪಾ, ಯಾವಾಗ ಕೊಡುತ್ತೀರಿ?” ಎಂದು ಕೇಳಿದರು. ನಮಗೆ ಏನು ಹೇಳಬೇಕೆಂದು ತೋಚಲಿಲ್ಲ. ಅವರ ಚೀಲದಲ್ಲಿದ್ದ ಕರಾರನ್ನೂ ನಮ್ಮದನ್ನೂ ಅಕ್ಕಪಕ್ಕ ಇಟ್ಟು ನೋಡಿದೆವು. ಎರಡರಲ್ಲೂ ಅದೇ ಮನೆ ಸಂಖ್ಯೆ, ಅದೇ ಚಕ್ಕುಬಂದಿ, ಕೊನೆಯ ಪುಟದಲ್ಲಿ ಅದೇ ಐದು ಫ್ಯಾನ್, ಒಂದು ಗೀಸರ್. ಅವರದರಲ್ಲಿ ಕಂಪನಿಗೆ 11 ತಿಂಗಳ ಬಾಡಿಗೆ, ತಿಂಗಳಿಗೆ 28 ಸಾವಿರ, 2 ಲಕ್ಷ ಮುಂಗಡ. ನಮ್ಮದರಲ್ಲಿ ಎರಡು ವರ್ಷದ ಭೋಗ್ಯ, 15 ಲಕ್ಷ. ಜಿಪಿಎಯ ಪ್ರತಿ ತೆಗೆದು ತೋರಿಸಿದೆ. ಮೇಷ್ಟ್ರು ಕನ್ನಡದಲ್ಲಿ ಸಹಿ ಹಾಕುವವರು. ಅದರಲ್ಲಿದ್ದದ್ದು ಇಂಗ್ಲಿಷ್ ಸಹಿ.

ಈ ವ್ಯವಹಾರದ ಲೆಕ್ಕವನ್ನು ಒಮ್ಮೆ ಹಾಕಿ ನೋಡಿ. ಎರಡು ವರ್ಷಕ್ಕೆ ಮಾಲೀಕರಿಗೆ ಕೊಡಬೇಕಾದ ಬಾಡಿಗೆ 6.72 ಲಕ್ಷ. ಅದನ್ನು ಕೊಟ್ಟೂ ನಮಗೆ 15 ಲಕ್ಷ ಪೂರ್ತಿ ಹಿಂದಿರುಗಿಸಬೇಕೆಂದರೆ ಆ ಹಣದ ಮೇಲೆ ವರ್ಷಕ್ಕೆ ಶೇ. 22ಕ್ಕೂ ಹೆಚ್ಚು ದುಡಿಯಬೇಕು, ತಮಗೆಂದು ಒಂದು ರೂಪಾಯಿ ಇಟ್ಟುಕೊಳ್ಳದೆ. ಯಾವ ಪ್ರಾಮಾಣಿಕ ವ್ಯವಹಾರದಲ್ಲಿ ಇದು ಸಾಧ್ಯ? ಹೊಸಬರಿಂದ ಬಂದ ಹಣದಲ್ಲಿ ಹಳೆಯ ಮಾಲೀಕರಿಗೆ ಬಾಡಿಗೆ ಕಟ್ಟುತ್ತಾ ಹೋಗುತ್ತಾರೆ. ಹೊಸಬರು ಬರುವುದು ನಿಂತ ದಿನ ಕಚೇರಿಗೆ ಬೀಗ ಬೀಳುತ್ತದೆ.

ಇಸಿ ಸರಿಯಾಗಿದ್ದರೆ ಸಾಕು ಎಂದು ಬಹಳ ಮಂದಿ ನಂಬುತ್ತಾರೆ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ಮಾಲೀಕರು ಛಾಪಾ ಕಾಗದದ ಮೇಲೆ ಯಾರಿಗೆ ಬಾಡಿಗೆಗೆ ಕೊಟ್ಟಿದ್ದಾರೆ, ನಿಮ್ಮ ಎದುರು ಕುಳಿತವನಿಗೆ ಹಣ ಪಡೆಯುವ ಹಕ್ಕಿದೆಯೇ ಎಂಬುದನ್ನು ಅದು ಹೇಳುವುದಿಲ್ಲ. ನೋಟರಿ ಮುದ್ರೆಯೂ ನೋಂದಣಿಯಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ 100 ರೂಪಾಯಿ ಮತ್ತು ಅದಕ್ಕೆ ಮೇಲ್ಪಟ್ಟ ಭೋಗ್ಯ ಅಡಮಾನಕ್ಕೆ ನೋಂದಣಿ ಕಡ್ಡಾಯ. ಬರೀ ಬಾಡಿಗೆ ಕರಾರಾದರೂ ಅವಧಿ ಒಂದು ವರ್ಷ ಮೀರಿದರೆ ನೋಂದಣಿ ಬೇಕು. ಖರ್ಚಾಗುತ್ತದೆ, ಓಡಾಟ ಜಾಸ್ತಿ ಎಂದು ಮಧ್ಯವರ್ತಿಗಳು ಅಡ್ಡಗಾಲು ಹಾಕುತ್ತಾರೆ. ಅವರಿಗೆ ಭಯ ಬೇರೆಯದೇ: ಉಪನೋಂದಣಾಧಿಕಾರಿಯ ಮುಂದೆ ಮಾಲೀಕರು ಬರಬೇಕಾಗುತ್ತದೆ, ಇಲ್ಲವೆಂದರೆ ಜಿಪಿಎ ಪರಿಶೀಲನೆಗೆ ನಿಲ್ಲಬೇಕಾಗುತ್ತದೆ.

ಆದ್ದರಿಂದ ಮಾಲೀಕರನ್ನು ಕಣ್ಣಾರೆ ಕಾಣದೆ ಹಣ ಕೊಡಬೇಡಿ. ಅವರ ಫೋನ್ ನಂಬರನ್ನು ಮಧ್ಯವರ್ತಿಯಿಂದ ಪಡೆಯಬೇಡಿ. ಅಕ್ಕಪಕ್ಕದ ಮನೆಯವರನ್ನು, ಕೆಳಗಿನ ಅಂಗಡಿಯವರನ್ನು ಕೇಳಿ. ಹಣ ಬ್ಯಾಂಕಿನ ಮೂಲಕ ಮಾಲೀಕರ ಖಾತೆಗೇ ಹೋಗಲಿ. ಇದಿಷ್ಟಕ್ಕೂ ಒಪ್ಪದ ಮನೆ ಬೇಡವೇ ಬೇಡ.

ಠಾಣೆಯಲ್ಲಿ ಮೊದಲು ಇದು ಸಿವಿಲ್ ವಿಚಾರ ಎಂದು ಸಾಗಹಾಕಿದರು. ಅದೇ ಕಂಪನಿಗೆ ಹಣ ಕೊಟ್ಟ ಬೇರೆ ಕುಟುಂಬಗಳನ್ನು ಹುಡುಕಿ ಒಟ್ಟಾಗಿ ಹೋದ ಮೇಲೆಯೇ ವಂಚನೆ ಪ್ರಕರಣ ದಾಖಲಾಯಿತು. ಮೇಷ್ಟ್ರು ಒಳ್ಳೆಯವರು, ನಮ್ಮನ್ನು ಹೊರಹಾಕಲಿಲ್ಲ. ಈಗ ಅವರಿಗೆ ನೇರವಾಗಿ ಬಾಡಿಗೆ ಕೊಡುತ್ತಿದ್ದೇವೆ, ಒಡವೆಯ ಬಡ್ಡಿಯನ್ನೂ ಕಟ್ಟುತ್ತಿದ್ದೇವೆ. ಎಲ್ಲ ಮಾಲೀಕರೂ ಹೀಗಿರುವುದಿಲ್ಲ.

ಈಗಾಗಲೇ ಇಂಥ ಮನೆಯಲ್ಲಿರುವವರು ಇಂದೇ ಮಾಲೀಕರನ್ನು ಸಂಪರ್ಕಿಸಿ, ಅವರಿಗೆ ಬಾಡಿಗೆ ಸಂದಾಯವಾಗುತ್ತಿದೆಯೇ ಎಂದು ಕೇಳಿ. ಮನೆ ಖಾಲಿ ಮಾಡಿ, ಆಮೇಲೆ ಹಣ ಕೊಡುತ್ತೇವೆ ಎಂಬ ಕಂಪನಿಯ ಮಾತಿಗೆ ಬೀಗದ ಕೈ ಒಪ್ಪಿಸಬೇಡಿ. ಅವರು ಕೊಟ್ಟ ಚೆಕ್ ಹಣವಿಲ್ಲದೆ ವಾಪಸಾದರೆ, ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನಗಳೊಳಗೆ ಲಿಖಿತ ನೋಟಿಸ್ ಕಳುಹಿಸಲೇಬೇಕು. ನಾಳೆ ಬನ್ನಿ, ನಾಡಿದ್ದು ಬನ್ನಿ ಎಂದು ಅವರು ಸತಾಯಿಸುವುದು ಆ ಗಡುವು ದಾಟಲಿ ಎಂದೇ.