ಧ್ರುವದ ಕಡಲಿಗೆ ಮೂರು ಉಪಗ್ರಹ: ನನ್ನ ಓಟು ಯಾವುದಕ್ಕೆ?

ತುಮಕೂರಲ್ಲಿ ಕೂತು ಆರ್ಕ್ಟಿಕ್ ಕಡಲಿನ ಮಟ್ಟ ನೋಡುತ್ತೇನೆ ಅಂದರೆ ಮನೆಯವರಿಗೆ ನಗು. ಆದರೆ ಮಾಹಿತಿ ಪುಕ್ಕಟೆ ಸಿಗುತ್ತದೆ. ಉಪಗ್ರಹ ಮೇಲಿಂದ ರೇಡಾರ್ ತರಂಗವನ್ನೋ ಲೇಸರ್ ಬೆಳಕನ್ನೋ ಕಳಿಸಿ, ಅದು ಕೆಳಗೆ ಬಡಿದು ವಾಪಸ್ ಬರುವ ಹೊತ್ತಿನಿಂದ ಕಡಲ ಮಟ್ಟ ಅಳೆಯುತ್ತದೆ. ಎಂಎಸ್ಸಿ ಪ್ರಾಜೆಕ್ಟಿಗೆ ಮೂರು ಉಪಗ್ರಹಗಳ ಫೈಲುಗಳನ್ನು ನನ್ನ ಹಳೇ ಲ್ಯಾಪ್‌ಟಾಪಿನಲ್ಲೇ ತೆರೆದು ನೋಡಿದೆ. ಕಡಲ ಮಟ್ಟ ಅಳೆಯುವುದರಲ್ಲಿ ಹೆಸರುವಾಸಿಯಾದ ಜೇಸನ್ ಉಪಗ್ರಹ ಸರಣಿಯನ್ನು ಮುಟ್ಟಲೇ ಇಲ್ಲ. ಅವು 66 ಡಿಗ್ರಿ ಅಕ್ಷಾಂಶ ದಾಟುವುದಿಲ್ಲ.

ಮೊದಲು ನಮ್ಮದೇ ಸರಳ್. ಇಸ್ರೋ ಮತ್ತು ಫ್ರಾನ್ಸ್ ಸೇರಿ ಮಾಡಿದ್ದು, 2013ರಲ್ಲಿ ಶ್ರೀಹರಿಕೋಟಾದಿಂದ ಹಾರಿದ್ದು. ಅಭಿಮಾನ ಇದ್ದೇ ಇದೆ, ಆದರೆ 81.5 ಡಿಗ್ರಿಗೆ ಅದರ ದಾರಿ ಮುಗಿಯುತ್ತದೆ. ಅದರಾಚೆ ನಕಾಶೆ ಖಾಲಿ.

ಯುರೋಪಿನ ಕ್ರಯೋಸ್ಯಾಟ್-2 88 ಡಿಗ್ರಿವರೆಗೂ ಹೋಗುತ್ತದೆ. 2010ರಿಂದ ದಾಖಲೆ ಇದೆ. ಮೋಡ ಇರಲಿ, ಆರು ತಿಂಗಳ ಕತ್ತಲೆ ಇರಲಿ, ರೇಡಾರ್‌ಗೆ ಲೆಕ್ಕಕ್ಕಿಲ್ಲ. ಇಲ್ಲಿ ಮಜಾ ಏನೆಂದರೆ, ಕಡಲು ಕಾಣುವುದೇ ಮಂಜುಗಡ್ಡೆಯ ಬಿರುಕುಗಳಲ್ಲಿ. ಬಿರುಕಿನ ನೀರಿಗೆ ಅಲೆ ಇಲ್ಲ. ಗಾಳಿ ಇಲ್ಲದ ಬೆಳಗ್ಗೆ ನಮ್ಮ ಅಮಾನಿಕೆರೆ ಕನ್ನಡಿಯಾಗುತ್ತದಲ್ವಾ, ಹಾಗೆ. ಉಪಗ್ರಹ ಬಿರುಕಿನ ಮೇಲೆ ಹಾದಾಗ, ವಾಪಸ್ ಬಂದ ತರಂಗದ ಗ್ರಾಫಿನಲ್ಲಿ ಸೂಜಿಮೊನೆಯಂಥ ಗೆರೆ ಏಳುತ್ತದೆ. ಮಂಜುಗಡ್ಡೆ ಮೇಲೆ ಅದೇ ಗೆರೆ ಅಗಲವಾಗಿ ಹರಡುತ್ತದೆ. ಎರಡನ್ನೂ ಬೇರೆ ಮಾಡಿದರೆ ಕಡಲ ಮಟ್ಟ ಸಿಕ್ಕಿತು.

ಒಂದು ತೊಡಕಿದೆ. ಬಿರುಕು ಉಪಗ್ರಹದ ನೇರ ಕೆಳಗಿಲ್ಲದೆ ಪಕ್ಕಕ್ಕಿದ್ದರೂ ಅದರ ಹೊಳಪು ರೇಡಾರನ್ನು ಎಳೆದುಕೊಳ್ಳುತ್ತದೆ. ಓರೆಯಾಗಿ ಹೋಗಿ ಬಂದ ದೂರ ಜಾಸ್ತಿ, ಹಾಗಾಗಿ ಕಡಲು ಇರುವುದಕ್ಕಿಂತ ತಗ್ಗಾಗಿ ತೋರುತ್ತದೆ. ಸೆಂಟಿಮೀಟರುಗಳ ಲೆಕ್ಕದಲ್ಲಿ ಇದು ಸಣ್ಣ ವಿಷಯವಲ್ಲ.

ನಾಸಾದ ಐಸ್‌ಸ್ಯಾಟ್-2ಕ್ಕೆ ಈ ಕಾಟ ಕಡಿಮೆ. 2018ರಲ್ಲಿ ಹಾರಿದ ಇದರಲ್ಲಿರುವುದು ಹಸಿರು ಲೇಸರ್, ಸೆಕೆಂಡಿಗೆ 10,000 ಸಲ ಮಿಡಿಯುತ್ತದೆ. ರೇಡಾರ್‌ಗೆ ಸಿಗದ ಸಣ್ಣ ಬಿರುಕೂ ಇದಕ್ಕೆ ಸಿಗುತ್ತದೆ. ತೆರೆದು ನೋಡಿದರೆ ಚುಕ್ಕಿ ಚುಕ್ಕಿಯಾಗಿ ಮಂಜುಗಡ್ಡೆಯ ಅಂಚು, ಪಕ್ಕದಲ್ಲೇ ತಗ್ಗಿನಲ್ಲಿ ನೀರು. ಸುಮ್ನೆ ನೋಡುತ್ತಾ ಕೂರಬಹುದು. ಆದರೆ ದಟ್ಟ ಮೋಡ ಬಂದರೆ ಏನೂ ಇಲ್ಲ. ಫೈಲುಗಳೂ ಭಾರ. ಇಳಿಯುವಷ್ಟರಲ್ಲಿ ನಮ್ಮ ಬೀದಿಯ ಕರೆಂಟು ಹೋಗುತ್ತದೆ.

ವರ್ಷಗಟ್ಟಲೆಯ ಏರಿಳಿತ ನೋಡುವುದಿದ್ದರೆ ನನ್ನ ಓಟು ಕ್ರಯೋಸ್ಯಾಟ್‌ಗೆ. ಅದರ ಅಳತೆ ಎಲ್ಲಿ ಹಳ್ಳ ಹಿಡಿದಿದೆ ಅಂತ ಪರೀಕ್ಷಿಸಲು ಮಾತ್ರ ಲೇಸರ್ ಇಟ್ಟುಕೊಂಡಿದ್ದೇನೆ. ಹೊಸಬರು ಚಳಿಗಾಲದ ಫೈಲುಗಳಿಂದ ಶುರು ಮಾಡಿ. ಬೇಸಿಗೆಯಲ್ಲಿ ಮಂಜುಗಡ್ಡೆ ಮೇಲೇ ಕರಗಿದ ನೀರು ನಿಂತು, ರೇಡಾರ್ ಅದನ್ನೂ ಬಿರುಕು ಅಂದುಕೊಳ್ಳುತ್ತದೆ.